ನೀರುನಾಯಿಯ ವೃತ್ತಾಂತ

ಅಮರಸಿಂಹನು ತನ್ನ ಕೋಶದಲ್ಲಿ ನೀರಿಗೆ ಕೊಟ್ಟಿರುವ ಪರ್ಯಾಯಪದಗಳ ಸಾಲಿನಲ್ಲಿ ‘ಜೀವನ’ವೆಂಬುದೂ ‘ಭುವನ’ವೆಂಬುದೂ ‘ವನ’ವೆಂಬುದೂ ಸೇರಿವೆ. ಜೀವನವೆಂದರೆ ಬದುಕು, ಭುವನವೆಂದರೆ ಲೋಕ, ವನವೆಂದರೆ ಕಾಡು ಎಂದಷ್ಟೇ ಬಲ್ಲ ನಮ್ಮ ಮಕ್ಕಳಿಗೆ ಈ ಮೂರೂ ನೀರಿನ ಹೆಸರುಗಳೆಂದು ಹೇಳಿದಾಗ ಆಶ್ಚರ್ಯವಾಗುವುದು. ವಿಚಾರಮಾಡಿ ನೋಡಿದರೆ ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಒಂದು ಕೆರೆಯ ಅಥವಾ ಹೊಳೆಯ ಒಡಲಿನಲ್ಲಿ ಒಂದು ಲೋಕವೇ ಅಡಗಿರುವುದು. ಕಾಡಿನಲ್ಲಿರುವಂತೆ ಅಲ್ಲಿಯೂ ಮೇಯುವ ಪ್ರಾಣಿಗಳುಂಟು, ಬೇಟೆಯಾಡುವ ಪ್ರಾಣಿಗಳುಂಟು. ಈ ಜಲವನದಲ್ಲಿ ಸಂಚರಿಸುತ್ತ, ಹಸುವಿನಂತೆ ಹಾಲುಣಿಸಿ ಮರಿಗಳನ್ನು ಸಾಕುವ ಪ್ರಾಣಿಯೊಂದರ ವಿಷಯವಾಗಿ ನಮ್ಮ ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿರುವೆವು.

ದೂರದೇಶದ ಚಿಲುಮೆಗಳು

ಮೊದಲು ದೂರದ ಮಾತು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಫ್ಲಾರಿಡಾ ಎಂಬ ಪ್ರಾಂತವೊಂದುಂಟು. ಅಲ್ಲಿಯ ನೆಲದಡಿಯಲ್ಲಿ ಸುಣ್ಣಕಲ್ಲಿನ ದಪ್ಪವಾದ ಪದರಗಳಿವೆ. ಮಳೆಯ ನೀರು ಆ ಕಲ್ಲನ್ನು ಯುಗಯುಗಗಳಿಂದ ಕರಗಿಸುತ್ತ, ಒಳಗೆ ಸುರಂಗಗಳನ್ನು ಕೊರೆದುಕೊಂಡು, ಅಲ್ಲಲ್ಲಿ ಮಹಾ ಚಿಲುಮೆಗಳಾಗಿ ಹೊರಕ್ಕೆ ಉಕ್ಕುವುದು. ಕ್ರಿಸ್ಟಲ್ ರಿವರ್, ಬ್ಲೂ ಸ್ಪ್ರಿಂಗ್ ಎಂಬುವು ಇಂತಹ ಚಿಲುಮೆಗಳಿಂದ ಹೆಸರಾದ ಸ್ಥಳಗಳು. ಚಳಿಗಾಲ ಬಂದಿತೆಂದರೆ ಸಮುದ್ರದಿಂದಲೂ ನದಿಗಳಿಂದಲೂ ‘ಮ್ಯಾನಟೀ’ ಎಂಬ ದೊಡ್ಡ ಜಲಪ್ರಾಣಿಗಳು ಈ ಚಿಲುಮೆಗಳನ್ನು ಹುಡುಕಿಕೊಂಡು ಬರುವುವು. ಸುಮಾರು ಹತ್ತು ಅಡಿ ಉದ್ದ, ನಾನೂರು ಐನೂರು ಕಿಲೋಗ್ರಾಂ ತೂಕ, ಬೂದಿಬಣ್ಣದ ದಪ್ಪ ಚರ್ಮ, ಮೊಂಡು ಮೂತಿ. ಆಹಾರವೋ ನೀರಿನೊಳಗಿನ ಹುಲ್ಲು ಮತ್ತು ಸೊಪ್ಪು. ಯಾರನ್ನೂ ಕಚ್ಚದು, ಯಾರ ಮೇಲೂ ಏರಿಬಾರದು. ಪ್ರಾಣಿಶಾಸ್ತ್ರಜ್ಞರು ಇದನ್ನು ಆನೆಯ ದೂರದ ದಾಯಾದಿಯೆಂದು ನಿರ್ಣಯಿಸಿರುವರು.

ಇಷ್ಟು ಭಾರಿಯಾದ ದೇಹವಿದ್ದರೂ ಈ ಪ್ರಾಣಿಗೆ ಚಳಿ ಸೈರಿಸದು. ನೀರಿನ ಶಾಖವು ೨೦ ಸೆಂಟಿಗ್ರೇಡಿಗಿಂತ ಕೆಳಗಿಳಿದು ಹಲವು ದಿನ ಹಾಗೆಯೇ ನಿಂತರೆ ಅದು ರೋಗಕ್ಕೀಡಾಗಿ ಸಾಯುವುದು. ಚಿಲುಮೆಯ ನೀರಾದರೋ ವರ್ಷವಿಡೀ ಸುಮಾರು ೨೨ ಸೆಂಟಿಗ್ರೇಡಿನಲ್ಲಿಯೇ ಇರುವುದು. ಇದರ ಮರ್ಮವನ್ನು ತಿಳಿಯಲು ನಮ್ಮ ಗೃಹಿಣಿಯರು ಅಮೆರಿಕಕ್ಕೆ ಹೋಗಬೇಕಾದುದಿಲ್ಲ. ಮಾಗಿಯ ಮುಂಜಾನೆ ಸೇದಿದ ಬಾವಿಯ ನೀರು ಉಗುರುಬೆಚ್ಚಗಿರುವುದನ್ನೂ, ಅದೇ ನೀರು ವೈಶಾಖದ ಬಿಸಿಲಿನಲ್ಲಿ ತಂಪಾಗಿರುವುದನ್ನೂ ಅವರು ಬಲ್ಲರು. ನೀರು ಬದಲಾಗಿರುವುದಿಲ್ಲ, ಹೊರಗಿನ ಗಾಳಿ ಬದಲಾಗಿರುವುದು. ನೆಲದ ಆಳದಲ್ಲಿರುವ ನೀರಿಗೆ ಋತುಗಳ ಏರಿಳಿತವು ತಟ್ಟದು. ವರ್ಷದ ಸರಾಸರಿ ಶಾಖವನ್ನೇ ಅದು ಕಾಪಾಡಿಕೊಂಡಿರುವುದು.

ಚಳಿಗಾಲದಲ್ಲಿ ಈ ಪ್ರಾಣಿಗಳನ್ನು ನೋಡಲು ಅಲ್ಲಿ ಜನಜಾತ್ರೆಯೇ ನೆರೆಯುವುದು. ಬ್ಲೂ ಸ್ಪ್ರಿಂಗಿನಲ್ಲಿ ದಡದ ಮೇಲಿನ ಮರದ ಅಟ್ಟಣೆಯಲ್ಲಿ ನಿಂತು ನೋಡಬೇಕು. ಮ್ಯಾನಟೀಗಳು ತಂಗಿರುವ ಕಾಲದಲ್ಲಿ ಮನುಷ್ಯರು ಆ ನೀರಿಗೆ ಇಳಿಯಕೂಡದು. ಕ್ರಿಸ್ಟಲ್ ರಿವರಿನಲ್ಲಿ ೧೯೮೩ರಲ್ಲಿ ಸರ್ಕಾರದವರು ಇವುಗಳಿಗಾಗಿ ಒಂದು ಆಶ್ರಯಧಾಮವನ್ನು ಸ್ಥಾಪಿಸಿರುವರು. ಅಲ್ಲಿ ನೀರಿನ ಮೇಲೆ ಸದ್ದಿಲ್ಲದೆ ತೇಲುತ್ತ ನೋಡಬಹುದಾದರೂ, ಅಟ್ಟಿಸಿಕೊಂಡು ಹೋಗುವುದು, ಸುತ್ತುಗಟ್ಟುವುದು, ನಿದ್ರಿಸುವ ಪ್ರಾಣಿಯನ್ನು ಎಬ್ಬಿಸುವುದು ಇವೆಲ್ಲ ಅಪರಾಧಗಳೆಂದು ಎಣಿಸಲ್ಪಡುವುವು. ಈ ಕಟ್ಟುಪಾಡಿನ ಫಲವಾಗಿ, ೧೯೭೦ರ ಸುಮಾರಿನಲ್ಲಿ ಬೆರಳೆಣಿಕೆಯ ಹತ್ತುಗಳೊಳಗೆ ಬರುತ್ತಿದ್ದ ಬ್ಲೂ ಸ್ಪ್ರಿಂಗಿಗೆ ಈಚಿನ ಚಳಿಗಾಲಗಳಲ್ಲಿ ಏಳುನೂರಕ್ಕೂ ಮಿಕ್ಕು ಬಂದುದುಂಟು. ಆದರೆ ಆಶ್ರಯವೊಂದೇ ಸಾಲದು, ಅನ್ನವೂ ಬೇಕು. ಅದೇ ಪ್ರಾಂತದ ಪೂರ್ವ ಕರಾವಳಿಯ ಹಿನ್ನೀರುಗಳಿಗೆ ಊರುಗಳ ಕೊಳೆಯೂ ಗೊಬ್ಬರದ ಸಾರವೂ ಸೇರಿ, ಪಾಚಿ ಹಬ್ಬಿ, ತಳದ ಹುಲ್ಲಿಗೆ ಬೆಳಕಿಲ್ಲದೆ ಅದು ನಶಿಸಿತು. ೨೦೨೧ನೆಯ ಒಂದೇ ವರ್ಷದಲ್ಲಿ ಫ್ಲಾರಿಡಾದಲ್ಲಿ ಸಾವಿರದ ನೂರು ಮ್ಯಾನಟೀಗಳು ಸತ್ತುವು. ಅವುಗಳಲ್ಲಿ ಅನೇಕವು ಹಸಿವಿನಿಂದಲೇ ಸತ್ತುವು. ಬೆಚ್ಚನೆಯ ಮನೆಯಿದ್ದೂ ಉಣ್ಣಲು ಹಿಡಿ ಹುಲ್ಲಿಲ್ಲದೆ ಹೋದ ಸ್ಥಿತಿಯಿದು.

ನಮ್ಮ ಚಿಲುಮೆ, ನಮ್ಮ ಹೊಳೆ

ಈ ಸಂಗತಿಗಳನ್ನು ಓದುವಾಗ ನಮ್ಮ ಮನಸ್ಸು ಸಹಜವಾಗಿ ನಮ್ಮ ಸೀಮೆಯ ಕಡೆಗೆ ತಿರುಗುವುದು. ತುಮಕೂರಿಗೆ ಸಮೀಪದಲ್ಲಿರುವ ದೇವರಾಯನದುರ್ಗದ ಕಾಡಿನಲ್ಲಿ ನಾಮದ ಚಿಲುಮೆಯಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ವನವಾಸದ ಕಾಲದಲ್ಲಿ ಶ್ರೀರಾಮನು ಹಣೆಗೆ ನಾಮವನ್ನಿಡಲು ನೀರು ದೊರೆಯದೆ ಬಂಡೆಗೆ ಬಾಣವನ್ನು ಹೊಡೆದನೆಂದೂ, ಆ ಗುರುತಿನಿಂದ ನೀರು ಚಿಮ್ಮಿತೆಂದೂ ಸ್ಥಳಪುರಾಣವು ಹೇಳುವುದು. ಫ್ಲಾರಿಡಾದ ಚಿಲುಮೆಗಳಲ್ಲಿ ದೋಣಿ ತೇಲುವುದು. ನಮ್ಮದರಲ್ಲಿ ಒಂದು ತಂಬಿಗೆ ಮುಳುಗಿದರೆ ಹೆಚ್ಚು. ನಮ್ಮದು ಕಗ್ಗಲ್ಲಿನ ನಾಡು. ಇಲ್ಲಿ ನೀರು ಬಂಡೆಯ ಬಿರುಕುಗಳಲ್ಲಿ ಮಾತ್ರ ನಿಲ್ಲಬಲ್ಲುದು. ಆದರೂ ಈ ಬೆಟ್ಟಸಾಲಿನ ಮಹಿಮೆ ಅಲ್ಪವಾದುದಲ್ಲ. ಇಲ್ಲಿಂದಲೇ ಜಯಮಂಗಲಿಯು ಉತ್ತರಕ್ಕೆ ಹರಿದು ಪಿನಾಕಿನಿಯನ್ನು ಸೇರುವುದು. ಇಲ್ಲಿಂದಲೇ ಶಿಂಷೆಯು ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುವುದು.

ಶಿಂಷೆಯ ದಾರಿಯಲ್ಲಿಯೇ ನಮ್ಮ ಕಡಬವಿರುವುದು. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಗೋವಿಂದನ ಕಾಲದ, ಒಂಬತ್ತನೆಯ ಶತಮಾನದ ಆದಿಭಾಗದ ತಾಮ್ರಶಾಸನವೊಂದು ಕಡಬದ ಹೆಸರಿನಿಂದಲೇ ವಿದ್ವಾಂಸರಲ್ಲಿ ಪ್ರಸಿದ್ಧವಾಗಿರುವುದು. ಊರಿಗೆ ಕದಂಬಋಷಿಯಿಂದ ಹೆಸರು ಬಂದಿತೆಂದೂ, ಲಂಕೆಯಿಂದ ಹಿಂದಿರುಗುವಾಗ ಶ್ರೀರಾಮನು ಇಲ್ಲಿ ಬೀಡುಬಿಟ್ಟಿದ್ದನೆಂದೂ, ಸೀತಾದೇವಿಯ ಇಚ್ಛೆಯಂತೆ ಹೊಳೆಗೆ ಅಡ್ಡಲಾಗಿ ಏರಿಯನ್ನು ಕಟ್ಟಿಸಿ ಕೆರೆಯನ್ನುಂಟುಮಾಡಿದನೆಂದೂ ಐತಿಹ್ಯವುಂಟು. ಹೊಳೆಯನ್ನು ತಡೆದು ನಿಲ್ಲಿಸಿದ ಆ ಕೆರೆಯನ್ನು ದಾಟಿ ಶಿಂಷೆಯು ಕುಣಿಗಲು ಸೀಮೆಯ ಮಾರ್ಕೋನಹಳ್ಳಿ ಜಲಾಶಯಕ್ಕೆ ಇಳಿಯುವುದು. ಮುಂದೆ ಮದ್ದೂರನ್ನು ಹಾಯ್ದು, ಶಿಂಷಾಪುರದ ಬಳಿ ಬಂಡೆಗಳ ಮೇಲಿಂದ ಧುಮುಕಿ, ಕಾವೇರಿಯೊಡನೆ ಕೂಡುವುದು. ಈ ಕೂಡುತಾಣದ ಸುತ್ತಣ ಕಾಡುಗಳೂ ಕಾವೇರಿಯ ಮಡುಗಳೂ ನಾವು ಹೇಳಬೇಕೆಂದಿರುವ ಪ್ರಾಣಿಯ ನೆಲೆಗಳು.

ಮ್ಯಾನಟೀ ನಮ್ಮ ದೇಶದ್ದಲ್ಲ. ಅದರ ಜ್ಞಾತಿಯಾದ ಕಡಲಹಸು ನಮ್ಮ ದೇಶದ ಸಮುದ್ರದಲ್ಲಿರುವುದು. ಅದನ್ನುಳಿಸಲೆಂದು ತಮಿಳುನಾಡಿನ ಸರ್ಕಾರವು ೨೦೨೨ರಲ್ಲಿ ಪಾಕ್ ಕೊಲ್ಲಿಯಲ್ಲಿ ೪೪೮ ಚದರ ಕಿಲೋಮೀಟರು ವಿಸ್ತಾರದ ಸಂರಕ್ಷಣಾಕ್ಷೇತ್ರವೊಂದನ್ನು ಘೋಷಿಸಿರುವುದು. ಆದರೆ ಕಡಲಹಸುವು ಉಪ್ಪುನೀರನ್ನು ಬಿಟ್ಟು ಹೊಳೆಗೆ ಬಾರದು. ಕನ್ನಡನಾಡಿನ ಸಿಹಿನೀರಿನಲ್ಲಿ, ಸ್ವೇಚ್ಛೆಯಾಗಿ ಬದುಕಿ, ತಾಳ್ಮೆಯುಳ್ಳವರ ಕಣ್ಣಿಗೆ ಕಾಣಿಸಿಕೊಳ್ಳುವ ಸಸ್ತನಿಯೆಂದರೆ ನೀರುನಾಯಿಯೇ.

ಹೆಸರೂ ರೂಪವೂ

ಈ ಪ್ರಾಣಿಯು ನಮ್ಮ ಪೂರ್ವಿಕರಿಗೆ ಹೊಸದಲ್ಲ. ಯಜುರ್ವೇದದ ಸಂಹಿತೆಗಳಲ್ಲಿ ಅಶ್ವಮೇಧದ ಪ್ರಾಣಿಗಳ ಪಟ್ಟಿಯೊಳಗೆ ‘ಉದ್ರ’ವೆಂಬ ಹೆಸರು ಬರುವುದು. ಭಾಷ್ಯಕಾರರಲ್ಲಿ ಒಬ್ಬರು ಇದನ್ನು ಏಡಿಯೆಂದು ಅರ್ಥಮಾಡಿದರೆ, ಮತ್ತೊಬ್ಬರು ನೀರುಬೆಕ್ಕೆಂದು ಹೇಳಿರುವರು. ಎರಡನೆಯ ಅರ್ಥವೇ ಸರಿಯೆಂದು ವಿದ್ವಾಂಸರು ಒಪ್ಪಿರುವರು. ‘ಉದ’ವೆಂದರೆ ನೀರು, ಅದರಲ್ಲಿರುವುದು ಉದ್ರ. ಇಂಗ್ಲಿಷಿನಲ್ಲಿ ಈ ಪ್ರಾಣಿಯನ್ನು ಕರೆಯುವ ‘ಆಟರ್’ ಎಂಬ ಹೆಸರೂ ಇದೇ ಮೂಲದಿಂದ ಬಂದ ಸೋದರಪದವೇ. ಸಂಸ್ಕೃತದಲ್ಲಿ ಇದಕ್ಕೆ ಜಲಮಾರ್ಜಾರ, ಜಲನಕುಲ ಎಂಬ ಹೆಸರುಗಳೂ ಉಂಟು. ಸಂಸ್ಕೃತದವರು ಬೆಕ್ಕನ್ನೂ ಮುಂಗುಸಿಯನ್ನೂ ಕಂಡರು. ಕನ್ನಡದ ಒಕ್ಕಲು ನಾಯಿಯನ್ನು ಕಂಡನು. ಪ್ರಾಣಿಯ ಒಡ್ಡೊಡ್ಡಾದ ಮುಖವನ್ನೂ, ಗುಂಪಾಗಿ ಬೇಟೆಯಾಡುವ ರೀತಿಯನ್ನೂ, ಮರಿಗಳೊಡನೆ ಆಡುವ ಆಟವನ್ನೂ ನೋಡಿದರೆ ಕನ್ನಡಿಗನ ಕಣ್ಣು ತಪ್ಪೆಂದು ಹೇಳಲಾಗದು. ಶಾಸ್ತ್ರರೀತ್ಯಾ ಮಾತ್ರ ಇದು ನಾಯಿಯೂ ಅಲ್ಲ, ಬೆಕ್ಕೂ ಅಲ್ಲ, ಮುಂಗುಸಿಯೂ ಅಲ್ಲ. ಬೇರೆಯೇ ಒಂದು ಕುಲಕ್ಕೆ ಸೇರಿದುದು.

ಭಾರತದಲ್ಲಿ ನೀರುನಾಯಿಗಳಲ್ಲಿ ಮೂರು ಜಾತಿಗಳಿವೆ. ಅವುಗಳಲ್ಲಿ ಚಿಕ್ಕದಾದುದು ಪಶ್ಚಿಮಘಟ್ಟದ ತೊರೆಗಳಲ್ಲಿ ಏಡಿಗಳನ್ನು ಹುಡುಕಿ ತಿನ್ನುವುದು. ಬಯಲುಸೀಮೆಯ ದೊಡ್ಡ ಹೊಳೆಗಳಲ್ಲಿ ಕಾಣುವುದು ನುಣುಪು ಕೂದಲಿನ ನೀರುನಾಯಿ. ಮೂಗಿನಿಂದ ಬಾಲದ ತುದಿಯವರೆಗೆ ಸುಮಾರು ಮೂರು ಮೂರೂವರೆ ಅಡಿ ಉದ್ದ. ತೂಕ ಏಳರಿಂದ ಹನ್ನೊಂದು ಕಿಲೋಗ್ರಾಂ. ಕಾಲ್ಬೆರಳುಗಳ ನಡುವೆ ಬಾತುಕೋಳಿಗಿರುವಂತೆ ಚರ್ಮದ ಪೊರೆ. ಚುಕ್ಕಾಣಿಯಂತೆ ತಿರುಗುವ, ತುದಿಯ ಕಡೆ ಚಪ್ಪಟೆಯಾದ ಬಾಲ. ಕಲಕಿದ ನೀರಿನಲ್ಲಿಯೂ ಮೀನಿನ ಚಲನೆಯನ್ನರಿಯುವ ಬಿರುಸಾದ ಮೀಸೆ. ನೀರು ಮೈಗೆ ತಾಗದಂತೆ ಒತ್ತೊತ್ತಾಗಿ ಬೆಳೆದ ರೋಮ. ಈ ರೋಮವೇ ಅದಕ್ಕೆ ಮೃತ್ಯುವಾಗಿಯೂ ಪರಿಣಮಿಸಿದೆ. ತುಪ್ಪುಳದ ವ್ಯಾಪಾರಕ್ಕಾಗಿ ದೇಶದೇಶಗಳಲ್ಲಿ ಅಸಂಖ್ಯಾತ ನೀರುನಾಯಿಗಳು ಕೊಲ್ಲಲ್ಪಟ್ಟಿವೆ. ೨೦೧೯ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದರ ಮೇರೆಗೆ ಈ ಜಾತಿಯ ವಿದೇಶವ್ಯಾಪಾರವು ನಿಷೇಧಕ್ಕೊಳಗಾಯಿತು. ನಮ್ಮ ದೇಶದ ೧೯೭೨ನೆಯ ವನ್ಯಜೀವಿ ಶಾಸನವೂ ಇದನ್ನು ಕೊಲ್ಲುವುದನ್ನಾಗಲಿ ಹಿಡಿದು ಸಾಕುವುದನ್ನಾಗಲಿ ನಿಷೇಧಿಸಿರುವುದು.

ಇವುಗಳ ಸಂಸಾರವು ನೋಡತಕ್ಕುದು. ತಂದೆ, ತಾಯಿ, ಹಿಂದಿನ ಸೂಲಿನ ಮಕ್ಕಳು, ಈಗಿನ ಕೂಸುಗಳು ಇವೆಲ್ಲವೂ ಒಟ್ಟಿಗೆ ಬಾಳುವುವು. ಸುಮಾರು ಎರಡು ತಿಂಗಳ ಗರ್ಭವಾಸದ ಮೇಲೆ ದಡದ ಬಂಡೆಗಳ ಸಂದಿಯಲ್ಲಿ ಅಥವಾ ಬೇರುಗಳ ನಡುವಣ ಗೂಡಿನಲ್ಲಿ ಮರಿಗಳು ಹುಟ್ಟುವುವು. ಹುಟ್ಟುವಾಗ ಅವಕ್ಕೆ ಕಣ್ಣಿರದು, ಈಜೂ ಬಾರದು. ನೀರಿನಲ್ಲಿ ಹುಟ್ಟಿದವರಿಗೂ ಈಜನ್ನು ಕಲಿಸಬೇಕಾಗುವುದೆಂಬುದು ಉಪಾಧ್ಯಾಯವೃತ್ತಿಯಲ್ಲಿ ಆಯುಷ್ಯವನ್ನು ಕಳೆದ ನಮ್ಮಂಥವರಿಗೆ ಬಹಳ ಸಮಾಧಾನವನ್ನುಂಟುಮಾಡಿದ ಸಂಗತಿ.

ನೋಡುವ ಬಗೆ

ನೀರುನಾಯಿಯನ್ನು ಎಲ್ಲಿ ನೋಡಬಹುದೆಂದು ವಾಚಕರು ಕೇಳಬಹುದು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ, ಭೀಮೇಶ್ವರಿಯ ಸುತ್ತಣ ಕಾವೇರಿಯಲ್ಲಿ, ಕಬಿನಿಯಲ್ಲಿ, ಭದ್ರೆಯಲ್ಲಿ, ದಾಂಡೇಲಿಯ ಕಾಳೀನದಿಯಲ್ಲಿ ಇವುಗಳನ್ನು ಕಾಣಬಹುದು. ಎಲ್ಲಕ್ಕಿಂತ ಮುಖ್ಯವಾದುದು ತುಂಗಭದ್ರೆ. ೨೦೧೫ರಲ್ಲಿ ನಮ್ಮ ಸರ್ಕಾರವು ಕೊಪ್ಪಳ ಸೀಮೆಯ ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು ೩೪ ಕಿಲೋಮೀಟರು ಉದ್ದದ ಹೊಳೆಯನ್ನು ನೀರುನಾಯಿಗಳ ಸಂರಕ್ಷಣಾಕ್ಷೇತ್ರವೆಂದು ಘೋಷಿಸಿತು. ನೀರುನಾಯಿಗಾಗಿಯೇ ಮೀಸಲಾದ ಇಂತಹ ಕ್ಷೇತ್ರವು ಭಾರತದಲ್ಲಿ ಇದೇ ಮೊದಲನೆಯದು. ಹಂಪೆಗೆ ಯಾತ್ರೆಹೋಗುವವರು ವಿರೂಪಾಕ್ಷನ ದರ್ಶನವನ್ನು ಮಾಡಿ, ವಿಠಲನ ಗುಡಿಯ ಕಲ್ಲಿನ ರಥವನ್ನು ನೋಡಿ ಹಿಂದಿರುಗುವರು. ಈ ಗುಡಿಗಳ ಬಳಿಯಲ್ಲಿ ಹರಿಯುವ ಹೊಳೆಯಲ್ಲಿ ಇಂತಹ ಸಂಸಾರಗಳಿರುವುದನ್ನು ಅರಿತವರು ಕಡಮೆ.

ಒಮ್ಮೆ ಮಾರ್ಗಶಿರಮಾಸದಲ್ಲಿ ನಾವು ಅಲ್ಲಿಗೆ ಹೋಗಿದ್ದಾಗ, ಸೂರ್ಯೋದಯಕ್ಕೆ ಮೊದಲೇ ದಡದ ಬಂಡೆಯೊಂದರ ಮರೆಯಲ್ಲಿ ಕುಳಿತಿದ್ದೆವು. ಬಹಳ ಹೊತ್ತು ಹೊಳೆಯಲ್ಲಿ ಮಂಜಲ್ಲದೆ ಬೇರೇನೂ ಕಾಣಲಿಲ್ಲ. ಅನಂತರ ಎದುರುದಡದ ಕಡೆಯಿಂದ ಸಿಳ್ಳಿನಂತಹ ಸಣ್ಣ ಕೂಗು ಕೇಳಿಸಿತು. ನೀರಿನ ಮೇಲೆ ಐದು ತಲೆಗಳು ಅರ್ಧಚಂದ್ರಾಕಾರವಾಗಿ ಬರುತ್ತಿದ್ದುವು. ಬಲೆಯನ್ನು ಎಳೆಯುವ ಬೆಸ್ತರಂತೆ ಅವು ಮೀನುಗಳನ್ನು ಕಿರಿದಾದ ಕೊಲ್ಲಿಗೆ ಅಟ್ಟಿಕೊಂಡು ಬಂದು, ಒಮ್ಮೆಲೇ ಮುಳುಗಿದುವು. ನೀರು ಕುದಿದಂತಾಯಿತು. ಒಂದು ನೀರುನಾಯಿಯು ಮೊಳದುದ್ದದ ಮೀನನ್ನು ಬಂಡೆಯ ಮೇಲಕ್ಕೆ ತಂದು, ಮುಂಗಾಲುಗಳಲ್ಲಿ ಹಿಡಿದು, ತಲೆಯಿಂದ ತಿನ್ನತೊಡಗಿತು. ಮಿಕ್ಕವು ಮರಳಿನ ಮೇಲೆ ಹೊರಳಿ ಮೈಯನ್ನು ಒರಸಿಕೊಂಡವು. ದೂರದಲ್ಲಿ ಹರಿಗೋಲೊಂದು ಕಾಣಿಸಿಕೊಂಡೊಡನೆ ಎಲ್ಲವೂ ನೆಟ್ಟಗೆ ನಿಂತು ನೋಡಿ, ಒಂದರ ಹಿಂದೊಂದಾಗಿ ನೀರಿಗೆ ಜಾರಿ ಮಾಯವಾದುವು. ಇಷ್ಟೆಲ್ಲವೂ ಕಾಲುಗಂಟೆಯೊಳಗೆ ಮುಗಿಯಿತು.

ನೋಡಹೋಗುವವರಿಗೆ ಕೆಲವು ಸೂಚನೆಗಳನ್ನು ಹೇಳುವುದು ಉಚಿತ. ಬೆಳಗಿನ ಮೊದಲ ಎರಡು ಗಂಟೆಗಳೂ ಸಂಜೆಯ ಕಡೆಯ ಒಂದು ಗಂಟೆಯೂ ಸರಿಯಾದ ಕಾಲ. ಗಾಳಿಯು ನಮ್ಮ ಕಡೆಯಿಂದ ಹೊಳೆಯ ಕಡೆಗೆ ಬೀಸುತ್ತಿದ್ದರೆ ಪ್ರಯೋಜನವಿಲ್ಲ. ಮೀನಿನ ಪೊರೆಗಳು ತುಂಬಿದ, ಕಟುವಾದ ವಾಸನೆಯ ಮಲವು ಮರಳಿನ ಮೇಲೋ ಬಂಡೆಯ ಮೇಲೋ ಕಂಡರೆ ಅದು ಅವುಗಳ ಗಡಿಗುರುತೆಂದು ತಿಳಿದು ದೂರದಲ್ಲಿಯೇ ಕಾದಿರಬೇಕು. ಗೂಡನ್ನು ಹುಡುಕಬಾರದು, ತಿಂಡಿಯನ್ನು ಎಸೆಯಬಾರದು, ನಾಯಿಗಳನ್ನು ಕರೆದೊಯ್ಯಬಾರದು. ಬಂಡೆಗಳ ನಡುವೆ ಮೊಸಳೆಗಳೂ ಇರುವುದರಿಂದ ಮಕ್ಕಳನ್ನು ನೀರಿನ ಅಂಚಿಗೆ ಬಿಡಕೂಡದು.

ತಲೆ, ಬಾಲ ಮತ್ತು ನಡುಭಾಗ

ಜಾತಕಕಥೆಗಳಲ್ಲಿ ನೀರುನಾಯಿಗಳ ಕಥೆಯೊಂದಿದೆ. ಒಂದು ನೀರುನಾಯಿಯು ಆಳದಲ್ಲಿ ಸಂಚರಿಸುವುದು, ಮತ್ತೊಂದು ದಡದಲ್ಲಿ ಸಂಚರಿಸುವುದು. ಎರಡೂ ಸೇರಿ ಒಂದು ದೊಡ್ಡ ಮೀನನ್ನು ಹಿಡಿದುವು, ಪಾಲುಮಾಡಿಕೊಳ್ಳುವುದರಲ್ಲಿ ಜಗಳವಾಯಿತು. ದಾರಿಯಲ್ಲಿ ಬಂದ ನರಿಯನ್ನು ನ್ಯಾಯಾಧಿಪತಿಯನ್ನಾಗಿ ಮಾಡಿಕೊಂಡುವು. ನರಿಯು ಒಂದಕ್ಕೆ ತಲೆಯನ್ನೂ ಇನ್ನೊಂದಕ್ಕೆ ಬಾಲವನ್ನೂ ಕೊಟ್ಟು, ನಡುಭಾಗವನ್ನು ನ್ಯಾಯಾಧಿಪತಿಯ ಪಾಲೆಂದು ಹೊತ್ತುಕೊಂಡು ಹೋಯಿತು.

ಈ ಕಥೆಯು ಇಂದಿಗೂ ನಮ್ಮ ಹೊಳೆಗಳಲ್ಲಿ ನಡೆಯುತ್ತಿರುವುದು. ಬೆಸ್ತನಿಗೂ ನೀರುನಾಯಿಗೂ ಮೀನಿನ ವಿಷಯದಲ್ಲಿ ವೈಮನಸ್ಯವುಂಟು. ಬಲೆಯಲ್ಲಿ ಸಿಕ್ಕ ಮೀನನ್ನು ಅದು ಕಚ್ಚಿಕೊಂಡು ಹೋಗುವುದು, ಬಲೆಯನ್ನು ಹರಿಯುವುದು. ಬಲೆಯೊಂದರ ಬೆಲೆಯು ಬಡವನಿಗೆ ಚಿಕ್ಕದಲ್ಲ. ಅವನ ಕೋಪವನ್ನು ಊರಿನಲ್ಲಿ ಕುಳಿತು ಪುಸ್ತಕವನ್ನೋದುವ ನಾವು ಹಗುರಾಗಿ ಎಣಿಸಲಾಗದು. ಬಂಗಾಳದ ಸುಂದರಬನದ ಕಡೆಯ ಕೆಲವು ಬೆಸ್ತರು ಇದೇ ಪ್ರಾಣಿಗಳನ್ನು ಪಳಗಿಸಿ, ಮೀನುಗಳನ್ನು ಬಲೆಗೆ ಅಟ್ಟಿಸುವ ಪದ್ಧತಿಯನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವರು. ವೈರವು ಅನಿವಾರ್ಯವಲ್ಲವೆಂಬುದಕ್ಕೆ ಇದು ನಿದರ್ಶನ. ಆದರೆ ಈ ಇಬ್ಬರೂ ತಲೆಗಾಗಿ ಬಾಲಕ್ಕಾಗಿ ಕಾದಾಡುತ್ತಿರುವಾಗ ನಡುಭಾಗವನ್ನು ಹೊತ್ತೊಯ್ಯುವವರು ಬೇರೆ ಇರುವರು. ಸಿಡಿಮದ್ದನ್ನೆಸೆದು ಮಡುವಿನ ಮೀನನ್ನೆಲ್ಲ ಮರಿಸಹಿತವಾಗಿ ಕೊಲ್ಲುವವರು, ದಡದ ಮರಳನ್ನು ರಾತ್ರೋರಾತ್ರಿ ಬಾಚುವವರು, ಕಾರ್ಖಾನೆಯ ಮತ್ತು ಊರಿನ ಕೊಳೆಯನ್ನು ಹೊಳೆಗೆ ತಿರುಗಿಸುವವರು, ಇವರೇ ಆ ನರಿಯ ಸ್ಥಾನದಲ್ಲಿರುವವರು. ಮರಳು ಹೋದರೆ ನೀರುನಾಯಿಗೆ ಮೈಯೊರಸಿಕೊಳ್ಳುವ ತಾಣವಿಲ್ಲ, ಮರಿಹಾಕುವ ದಡವಿಲ್ಲ. ಮೀನು ಹೋದರೆ ಬೆಸ್ತನ ಒಲೆಯೂ ಉರಿಯದು. ತುಂಗಭದ್ರೆಯ ದಡದಲ್ಲಿ ನಾವು ಕಂಡ ಮುದುಕನಾದ ಬೆಸ್ತನೊಬ್ಬನು, ಬಲೆ ಹರಿದಾಗ ನೀರುನಾಯಿಯನ್ನು ಬೈಯುವುದುಂಟೆಂದೂ, ಆದರೆ ಅದು ಬಿಟ್ಟುಹೋದ ಮಡುವಿನಲ್ಲಿ ತಾನೂ ಬಲೆ ಬೀಸುವುದಿಲ್ಲವೆಂದೂ ಹೇಳಿದನು. ಆ ಮಾತಿನ ಅರ್ಥವನ್ನು ವಾಚಕರು ತಾವೇ ಗ್ರಹಿಸಬಲ್ಲರು.

ನಮ್ಮ ಪಾಲಿನ ಕರ್ತವ್ಯ

ಇದು ದೂರದ ಹೊಳೆಯ ವ್ಯವಹಾರ, ಬಯಲುಸೀಮೆಯ ಗೃಹಸ್ಥರಿಗೆ ಇದರಿಂದೇನು ಎಂದು ಯಾರೂ ಭಾವಿಸಬಾರದು. ಚಿಲುಮೆಯೆಂಬುದು ನೆಲದೊಳಗಣ ನೀರಿನ ಬಾಯಿ. ಒಡಲಿನಲ್ಲಿ ನೀರು ತುಂಬಿದ್ದರೆ ಬಾಯಿಗೆ ಬರುವುದು. ಒಡಲು ಬತ್ತಿದರೆ ಬಾಯಿ ಒಣಗುವುದು. ನಮ್ಮ ಜಿಲ್ಲೆಯಲ್ಲಿ ಹಿಂದೆ ಏತಕ್ಕೂ ಕಪಿಲೆಗೂ ನಿಲುಕುತ್ತಿದ್ದ ನೀರನ್ನು ಈಗ ನೂರಾರು ಅಡಿಗಳ ಕೊಳವೆಬಾವಿಗಳಿಂದ ಎಳೆಯುತ್ತಿರುವೆವು. ಮಳೆಯು ಕೊಡುವುದಕ್ಕಿಂತ ಹೆಚ್ಚಾಗಿ ನಾವು ತೆಗೆಯುತ್ತಿರುವುದರಿಂದ, ಹೊಳೆಗೆ ಬೇಸಗೆಯಲ್ಲಿ ಒಸರುತ್ತಿದ್ದ ಊಟೆಯ ನೀರು ನಿಂತುಹೋಗಿರುವುದು. ಫ್ಲಾರಿಡಾದಲ್ಲಿಯೂ ಹೊಲಗಳಿಗೂ ಊರುಗಳಿಗೂ ನೆಲದ ನೀರನ್ನು ಮಿತಿಮೀರಿ ಎತ್ತಿದುದರಿಂದ ಅನೇಕ ಚಿಲುಮೆಗಳ ಹರಿವು ಕುಗ್ಗಿರುವುದು. ಸುಣ್ಣಕಲ್ಲಾಗಲಿ ಕಗ್ಗಲ್ಲಾಗಲಿ, ಲೆಕ್ಕವು ಒಂದೇ.

ಗೊರೂರಿನ ಜಲಾಶಯದಿಂದ ಹೇಮಾವತಿಯ ನೀರು ನಾಲೆಯಲ್ಲಿ ಗುಬ್ಬಿಯ ಸೀಮೆಗೆ ಬಂದುದು ನಮ್ಮ ಪುಣ್ಯ. ಆದರೆ ಬಂದ ನೀರನ್ನು ಹಿಡಿದಿಡುವುದು ಕೆರೆ, ಕೆರೆಯನ್ನುಳಿಸುವುದು ಊರು. ಏರಿಯ ಮೇಲಿನ ಗಿಡಗಳನ್ನು ಕಿತ್ತು ಕಲ್ಲನ್ನು ಭದ್ರಪಡಿಸುವುದು, ತೂಬನ್ನು ನೋಡಿಕೊಳ್ಳುವುದು, ಹೂಳನ್ನೆತ್ತಿ ಹೊಲಕ್ಕೆ ಹಾಕುವುದು, ಕೆರೆಗೆ ನೀರು ಬರುವ ಹಳ್ಳಗಳನ್ನು ಒತ್ತುವರಿಯಾಗದಂತೆ ಕಾಯುವುದು, ಇವೆಲ್ಲವೂ ನಮ್ಮ ಅಜ್ಜಂದಿರು ಸರದಿಯ ಮೇಲೆ ಮಾಡುತ್ತಿದ್ದ ಕೆಲಸಗಳು. ಬಣ್ಣ ಬಳಿದ ವಿಗ್ರಹಗಳನ್ನೂ ಪ್ಲಾಸ್ಟಿಕ್ಕಿನ ಚೀಲಗಳನ್ನೂ ಕೆರೆಗೆ ಎಸೆಯದಿರುವುದು ಅವರಿಗೆ ಬೇಕಾಗಿರಲಿಲ್ಲ, ನಮಗೆ ಬೇಕಾಗಿರುವುದು. ಕಡಬದ ಕೆರೆಯ ಕೋಡಿಯಿಂದ ಹೊರಟ ನೀರು ಮಾರ್ಕೋನಹಳ್ಳಿಯನ್ನು ದಾಟಿ ಕಾವೇರಿಯ ಮಡುವಿನವರೆಗೆ ಹೋಗುವುದೆಂಬುದನ್ನು ಮೇಲೆ ಹೇಳಿದೆವು. ಇಲ್ಲಿ ನಾವು ಬೆರಸಿದ ಕೊಳೆಯು ಅಲ್ಲಿಯ ಮೀನಿಗೆ, ಮೀನಿನಿಂದ ನೀರುನಾಯಿಗೆ, ಅದೇ ಮೀನನ್ನುಣ್ಣುವ ಮನುಷ್ಯನಿಗೆ ತಲುಪುವುದು.

ಇನ್ನೊಂದು ವಿಷಯ. ಮನೆಮಂದಿಯೆಲ್ಲ ಕೂಡಿ ವರ್ಷಕ್ಕೊಮ್ಮೆಯಾದರೂ ಯಾತ್ರೆಗೆ ಹೊರಡುವುದು ನಮ್ಮಲ್ಲಿ ರೂಢಿ. ಮುಂದಿನ ಯಾತ್ರೆಯಲ್ಲಿ ಹೊಳೆಯ ದಡದಲ್ಲಿ ಒಂದು ಬೆಳಗನ್ನು ಮೀಸಲಾಗಿಟ್ಟು, ಮಕ್ಕಳನ್ನು ಕೂರಿಸಿಕೊಂಡು, ಮಾತಿಲ್ಲದೆ ಕಾಯುವಂತೆ ವಾಚಕರನ್ನು ಪ್ರಾರ್ಥಿಸುವೆವು. ನೀರುನಾಯಿಯು ಕಂಡರೆ ಭಾಗ್ಯ. ಕಾಣದಿದ್ದರೂ ಮಿಂಚುಳ್ಳಿಯೋ ಕೊಕ್ಕರೆಯೋ ಮೀನಿನ ಹಾರಾಟವೋ ಕಾಣದಿರದು; ಅಲ್ಲದೆ, ಒಂದು ಗಂಟೆಯ ಕಾಲ ಸದ್ದಿಲ್ಲದೆ ಕುಳಿತಿರುವ ಅಭ್ಯಾಸವನ್ನು ಯಾವ ಪಾಠಶಾಲೆಯೂ ಅಷ್ಟು ಸುಲಭವಾಗಿ ಕಲಿಸಲಾರದು.